ಎರಡನೆಯ ಅಧ್ಯಾಯದಲ್ಲಿ ನಿಂತ ಆಟ

ಮೂವತ್ತು ದಾಟಿದ ವಿವಾಹಿತರೊಬ್ಬರು ಪತ್ನಿಯ ಒತ್ತಾಯಕ್ಕೆ ಮಣಿದು ನನ್ನಲ್ಲಿಗೆ ಸಮಾಲೋಚನೆಗೆ ಬಂದರು. (ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.) ಒಂದೂವರೆ ವರ್ಷದಿಂದ ರಾತ್ರಿ ಮೂರು ಗಂಟೆ ಕಾಲ ಒಬ್ಬರೇ ಕುಳಿತು ಅದೇ ವಿಡಿಯೋ ಗೇಮ್ ಆಡುತ್ತಾರೆ, ಅದು ಮುಗಿಯುವುದೇ ಇಲ್ಲ ಎಂಬುದು ಪತ್ನಿಯ ದೂರು.

2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಪಟ್ಟಿಯಾದ ಐಸಿಡಿ-11ರಲ್ಲಿ ಗೇಮಿಂಗ್ ವ್ಯಾಧಿಗೆ ಆಫ್‌ಲೈನ್ ಬಗೆಯೂ ಉಂಟು. ಆದರೆ ಆಟದ ಮೇಲಿನ ಹಿಡಿತ ತಪ್ಪಿ, ಬದುಕಿನ ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗಿ, ಹಾನಿ ಕಂಡರೂ ಬಿಡದ ಸ್ಥಿತಿ ಸಾಮಾನ್ಯವಾಗಿ 12 ತಿಂಗಳು ಇದ್ದರೆ ಮಾತ್ರ ಆ ಹೆಸರು ಸಲ್ಲುತ್ತದೆ. ಇವರ ಉದ್ಯೋಗ, ನಿದ್ರೆ ಕೆಟ್ಟಿರಲಿಲ್ಲ, ಕರೆದರೆ ಎದ್ದುಬರುತ್ತಿದ್ದರು.

ಹಾಗಾಗಿ ಗಂಟೆಗಳ ಲೆಕ್ಕ ಬಿಟ್ಟು, ಆಟದೊಳಗೆ ಏನು ಮಾಡುತ್ತೀರಿ ಎಂದು ಕೇಳಿದೆ. ಆಟ 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’. ಅದರ ನಾಯಕ ಆರ್ಥರ್ ಮಾರ್ಗನ್ ಎರಡನೆಯ ಅಧ್ಯಾಯದಲ್ಲಿ ಸಾಲ ವಸೂಲಿಗೆ ಹೋಗಿ ಕ್ಷಯರೋಗಿಯೊಬ್ಬನಿಂದ ಸೋಂಕು ತಗಲಿಸಿಕೊಳ್ಳುತ್ತಾನೆ, ಆರನೆಯ ಅಧ್ಯಾಯದ ಕೊನೆಗೆ ಸಾಯುತ್ತಾನೆ. ಸಾಲ ವಸೂಲಿಯ ಆ ಮಿಷನ್ (ಆಟದಲ್ಲಿ ಆಟಗಾರ ಮಾಡಬೇಕಾದ ಕೆಲಸ) ಮುಟ್ಟದಿದ್ದರೆ ರೋಗವೂ ಬಾರದು. ಕಾಡು, ಹೊಳೆ, ಬೇಟೆ, ಶಿಬಿರದವರ ಹರಟೆ ಎಷ್ಟು ದಿನವಾದರೂ ಹಾಗೆಯೇ ನಡೆಯುತ್ತವೆ. ಹಲವರು ಸೇರಿ ಆಡುವ ಆಟದ ಲೋಕ ನಾವಿಲ್ಲದಾಗಲೂ ಸಾಗುತ್ತದೆ, ಒಂಟಿ ಆಟದ ಲೋಕ ನಮಗಾಗಿ ಕಾಯುತ್ತದೆ. (ಅದರ ಸೆಳೆತ ಇರುವುದು ಚಿತ್ರಗಳ ಸೊಗಸಿಗಿಂತ ಈ ಕಾಯುವಿಕೆಯಲ್ಲಿ ಎಂದು ನನ್ನ ಅನಿಸಿಕೆ.) ಇವರು ಆ ಮಿಷನ್ನಿನ ಹತ್ತಿರವೂ ಸುಳಿದಿರಲಿಲ್ಲ.

ತಂದೆ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡಿದ್ದು ಎರಡನೆಯ ಭೇಟಿಯಲ್ಲಿ ತಿಳಿಯಿತು. ಕೆಮ್ಮು ಶುರುವಾದ ಮೇಲೂ ವೈದ್ಯರಲ್ಲಿಗೆ ಕರೆದೊಯ್ಯುವುದನ್ನು ಇವರು ಎರಡು ತಿಂಗಳು ಮುಂದೂಡಿದ್ದರಂತೆ. ಅದನ್ನು ಪತ್ನಿಗೂ ಹೇಳಿರಲಿಲ್ಲ.

ಆಟವನ್ನು ಅಳಿಸಿಹಾಕಲು ನಾನು ಹೇಳಲಿಲ್ಲ, ಮುಗಿಸಲೂ ಹೇಳಲಿಲ್ಲ. ಎರಡೂ ಅವಸರದ ಸಲಹೆಗಳಾಗುತ್ತಿದ್ದವು. ವಾರಕ್ಕೆ ಎರಡು ರಾತ್ರಿ ಆಟಕ್ಕೆ ಕೂರುವ ಮೊದಲು ಆ ಎರಡು ತಿಂಗಳ ನೆನಪುಗಳನ್ನು ಅರ್ಧ ಗಂಟೆ ಬರೆಯುವಂತೆಯೂ, ಸಿದ್ಧರಾದಾಗ ಅದನ್ನು ಪತ್ನಿಯ ಮುಂದೆ ಓದುವಂತೆಯೂ ತಿಳಿಸಿದೆ. ಅಲ್ಲಿಯವರೆಗೆ ಆಟದ ಹೊತ್ತಿನ ಬಗ್ಗೆ ಆಕ್ಷೇಪಿಸದಿರಲು ಪತ್ನಿಯನ್ನು ಕೋರಿದೆ; ಆಕೆಗೆ ಇದು ಅಷ್ಟಾಗಿ ಹಿಡಿಸಲಿಲ್ಲ.

ಐದನೆಯ ಭೇಟಿಗೆ ಇಬ್ಬರೂ ಬಂದರು. ಓದಿಯಾಗಿತ್ತು. ಆರ್ಥರ್ ಇನ್ನೂ ಆರೋಗ್ಯವಾಗಿಯೇ ಇದ್ದಾನೆ ಎಂದು ಅವರು ಸಂಕೋಚದಿಂದ ಹೇಳಿದರು. ನಾನು ತಂದೆಯವರ ವಿಷಯವನ್ನೇ ಮುಂದುವರಿಸಿದೆ.