ವಿಶ್ವದ 95% ಏನಂತಲೇ ಗೊತ್ತಿಲ್ಲ ಅಂದಮೇಲೆ ವಿಜ್ಞಾನಿಗಳನ್ನು ಯಾಕೆ ನಂಬಬೇಕು?

ನಾನು ಮಂಡ್ಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನೀವು ಕೇಳಿದ್ದನ್ನೇ ಕೇಳಿದ್ದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಮ್ಮ ಕಡೆ ಕಬ್ಬಿನ ಲೋಡನ್ನು ಮೊದಲು ವೇಬ್ರಿಡ್ಜ್ ಹತ್ತಿಸುತ್ತಾರೆ. ಟ್ರ್ಯಾಕ್ಟರ್ ನಿಲ್ಲುತ್ತದೆ. ಕೆಂಪು ಅಂಕಿ ಓಡಿ ಓಡಿ ಒಂದು ಕಡೆ ನಿಲ್ಲುತ್ತದೆ. ಅಲ್ಲಿವರೆಗೂ ರೈತ ಕಣ್ಣು ಮಿಟುಕಿಸುವುದಿಲ್ಲ. ಹೊರೆ ನೋಡಿದರೇ ಅವನಿಗೆ ತೂಕದ ಅಂದಾಜು ಇರುತ್ತದೆ. ಈಗ ಕಣ್ಣಿಗೆ ಕಾಣುವ ಕಬ್ಬು 3 ಟನ್, ಅಂಕಿ ಮಾತ್ರ 18 ಟನ್ ಅಂತ ಇಟ್ಟುಕೊಳ್ಳಿ. ಒಂದೋ ಒಳಗೆ ಕಾಣದ ಸರಕು ಇದೆ, ಇಲ್ಲಾ ವೇಬ್ರಿಡ್ಜೇ ಸರಿಯಿಲ್ಲ. ಅಲ್ವಾ?

ಗ್ಯಾಲಕ್ಸಿಗಳಲ್ಲಿ, ಅಂದರೆ ನಕ್ಷತ್ರಗಳ ದೊಡ್ಡ ದೊಡ್ಡ ಗುಂಪುಗಳಲ್ಲಿ, ಆಗಿರುವುದು ಹೆಚ್ಚುಕಮ್ಮಿ ಇದೇ. ಅಲ್ಲಿ ಗುರುತ್ವದ ನಿಯಮವೇ ವೇಬ್ರಿಡ್ಜ್. ಸೂರ್ಯನ ಹತ್ತಿರದ ಬುಧ ಸೆಕೆಂಡಿಗೆ 47 ಕಿ.ಮೀ. ಓಡುತ್ತದೆ, ದೂರದ ನೆಪ್ಚೂನ್ 5 ಕಿ.ಮೀ. ಚಿಲ್ಲರೆ. ದೂರ ಹೋದಷ್ಟೂ ನಿಧಾನ. ಆದರೆ 1970ರಲ್ಲಿ ಖಗೋಳ ವಿಜ್ಞಾನಿಗಳಾದ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗ್ಯಾಲಕ್ಸಿಯನ್ನು ಅಳೆದಾಗ ಅಂಚಿನ ಕಡೆ ಆ ನಿಧಾನ ಕಾಣಲೇ ಇಲ್ಲ. ಅಷ್ಟು ವೇಗದಲ್ಲಿ ಓಡುವುದನ್ನು ಎಳೆದು ಹಿಡಿಯಲು ಕಾಣುವ ನಕ್ಷತ್ರ, ಅನಿಲದ ತೂಕ ಸಾಲದು. ಕಾಣದ ಆ ಸರಕಿಗೆ ಡಾರ್ಕ್ ಮ್ಯಾಟರ್ ಅನ್ನುತ್ತಾರೆ, ವಿಶ್ವದ ಸುಮಾರು 27%. ಮಿಕ್ಕ 68% ಡಾರ್ಕ್ ಎನರ್ಜಿ. ವಿಶ್ವ ಹಿಗ್ಗುವ ವೇಗ ಜಾಸ್ತಿಯಾಗುತ್ತಿದೆ ಅಂತ 1998ರಲ್ಲಿ ಕಂಡಮೇಲೆ ಬಂದ ಲೆಕ್ಕ ಅದು. ಎಷ್ಟು ಅಂತ ಗೊತ್ತು, ಏನು ಅಂತ ಗೊತ್ತಿಲ್ಲ. ಸುಮ್ನೆ "ಏನೂ ಗೊತ್ತಿಲ್ಲ" ಅನ್ನುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸವಿದೆ.

ಮಕ್ಕಳಿಗೆ ನಾನು ತಪ್ಪದೆ ಹೇಳುವ ಒಂದು ಕಥೆ ಇದೆ. ಯುರೇನಸ್ ಹೋಗುವ ದಾರಿ ಲೆಕ್ಕಕ್ಕೆ ಸರಿಹೊಂದುತ್ತಿರಲಿಲ್ಲ. ಕಾಣದ ಗ್ರಹವೊಂದು ಅದನ್ನು ಎಳೆಯುತ್ತಿದೆ ಅಂತ ಫ್ರಾನ್ಸಿನ ಲೆವೆರಿಯೆ ಲೆಕ್ಕ ಹಾಕಿದರು. 1846ರಲ್ಲಿ ಬರ್ಲಿನ್ನಿನಲ್ಲಿ ದೂರದರ್ಶಕ ತಿರುಗಿಸಿದರೆ, ಅವರು ಹೇಳಿದ ಜಾಗದ ಪಕ್ಕದಲ್ಲೇ ನೆಪ್ಚೂನ್ ಸಿಕ್ಕಿತು! ಬುಧನ ದಾರಿಯಲ್ಲೂ ಚೂರು ವ್ಯತ್ಯಾಸ ಇತ್ತು. 1859ರಲ್ಲಿ ಅದಕ್ಕೂ ಅವರು ಕಾಣದ ಗ್ರಹವೇ ಕಾರಣ ಅಂದರು. ವಲ್ಕನ್ ಅಂತ ಹೆಸರೂ ಬಿತ್ತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಇರಲೇ ಇಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ಹೊಸದಾಗಿ ಬರೆದಾಗ ಬುಧನ ಲೆಕ್ಕ ಕೂಡಿಬಂತು. ಅದೇ ಲೆವೆರಿಯೆ, ಅದೇ ಯೋಚನೆ. ಒಂದು ಸಲ ಸರಕು ಇತ್ತು, ಇನ್ನೊಂದು ಸಲ ವೇಬ್ರಿಡ್ಜೇ ಸರಿ ಇರಲಿಲ್ಲ.

ಇದನ್ನೆಲ್ಲ ಕೇಳಿ ಆ ಹುಡುಗಿ, "ನಮ್ಮಪ್ಪ ಅನುಮಾನ ಬಂದ್ರೆ ಬೇರೆ ಕಡೆ ತೂಕ ಹಾಕಿಸ್ತಾರೆ ಸಾರ್" ಅಂದಳು. ನನಗೆ ಎಷ್ಟು ಖುಷಿಯಾಯಿತು ಅಂದರೆ ಪಾಠ ನಿಲ್ಲಿಸಿ ಅದನ್ನೇ ಬೋರ್ಡಿನ ಮೇಲೆ ಬರೆದೆ. ವಿಜ್ಞಾನಿಗಳೂ ಬೇರೆ ಕಡೆ ತೂಕ ಹಾಕಿಸಿದ್ದಾರೆ. ದೂರದ ಬೆಳಕು ಗ್ಯಾಲಕ್ಸಿಗಳ ಗುಂಪಿನ ಪಕ್ಕ ಹಾದುಬರುವಾಗ ಎಷ್ಟು ಬಾಗುತ್ತದೆ ಅಂತ ಅಳೆದರು. ತೂಕ ಹೆಚ್ಚಿದ್ದಷ್ಟೂ ಬೆಳಕು ಹೆಚ್ಚು ಬಾಗುತ್ತದೆ. ಅಲ್ಲೂ ತೂಕ ಜಾಸ್ತಿಯೇ ಬಂತು. ಹಾಗಾಗಿ ಸರಕು ಇದೆ ಅಂತಲೇ ನನಗೂ ಅನ್ನಿಸುತ್ತದೆ. ಆದರೆ ಆ ಅಳತೆಯೂ ಗುರುತ್ವವನ್ನೇ ನಂಬಿಕೊಂಡಿದೆ. ನಿಯಮವನ್ನೇ ತಿದ್ದಬೇಕು ಅಂತ 1983ರಲ್ಲಿ ಭೌತವಿಜ್ಞಾನಿ ಮಿಲ್‌ಗ್ರೋಮ್ ಹೇಳಿದ್ದನ್ನು ಈಗಲೂ ಕೆಲವರು ಬಿಟ್ಟಿಲ್ಲ.

ಉಳಿದದ್ದು ಲೋಡ್ ಬಿಚ್ಚಿ ನೋಡುವುದು. ಇಟಲಿಯ ಗ್ರಾನ್ ಸಾಸೊ ಬೆಟ್ಟದ ಅಡಿಯಲ್ಲಿ ಟನ್‌ಗಟ್ಟಲೆ ದ್ರವ ಕ್ಸೆನಾನ್ (ತಣ್ಣಗೆ ಮಾಡಿ ದ್ರವವಾಗಿಸಿದ ಒಂದು ಅನಿಲ) ತುಂಬಿಟ್ಟು, ಡಾರ್ಕ್ ಮ್ಯಾಟರಿನ ಕಣವೊಂದು ಬಂದು ತಾಕಲಿ ಅಂತ ವರ್ಷಗಟ್ಟಲೆ ಕಾಯುತ್ತಿದ್ದಾರೆ. ಇನ್ನೂ ಸಿಕ್ಕಿಲ್ಲ. ಸಿಕ್ಕಿಲ್ಲ ಅಂತಲೇ ಬರೆದು ಪ್ರಕಟಿಸುತ್ತಾರೆ. ನಾನು ಅವರನ್ನು ನಂಬುವುದು ಅದಕ್ಕೇ.