ಟೆನೊಚ್ಟಿಟ್ಲಾನ್ ಮುತ್ತಿಗೆ: ದೋಣಿ, ನೀರು, ಸಿಡುಬು

"ಬರೀ ಐನೂರು ಸ್ಪೇನಿಗರು ಅಜ್ಟೆಕ್ ಸಾಮ್ರಾಜ್ಯವನ್ನು ಗೆದ್ದದ್ದು ಬಂದೂಕು, ಕುದುರೆಗಳ ಬಲದಿಂದಲೇ?" ಎಂದು ಕೇಳಿದ್ದೀರಿ. ಐನೂರು ಜನ ಗೆದ್ದರು ಅನ್ನುವ ಲೆಕ್ಕವೇ ತಪ್ಪು.

1519ರಲ್ಲಿ ಸ್ಪೇನಿನ ದಂಡನಾಯಕ ಕೊರ್ಟೆಸ್ ಜೊತೆ ಇಳಿದವರು ಸುಮಾರು ಅಷ್ಟೇ, ಕುದುರೆಗಳು 16. ಆದರೆ 1520ರ ಜೂನ್ 30ರ ರಾತ್ರಿ ಮೆಕ್ಸಿಕಾ ಜನ (ಅಜ್ಟೆಕ್ ಸಾಮ್ರಾಜ್ಯವನ್ನು ಆಳುತ್ತಿದ್ದವರು) ಅವರನ್ನು ಸರೋವರದ ನಡುವಿದ್ದ ರಾಜಧಾನಿ ಟೆನೊಚ್ಟಿಟ್ಲಾನ್‌ನಿಂದ ಓಡಿಸಿದರು. ಸರೋವರದ ನಡುವಿನ ಕಿರಿದಾದ ಏರಿಯ ಮೇಲೆ ಸೇತುವೆಗಳನ್ನು ಕಿತ್ತುಹಾಕಿದ್ದರು, ಇಕ್ಕೆಲಗಳ ದೋಣಿಗಳಿಂದ ಬಾಣ ಬರುತ್ತಿತ್ತು. ಅಂಥ ಕಡೆ ಕುದುರೆ ಏನು ಮಾಡೀತು? ನೂರಾರು ಸ್ಪೇನಿಗರು ಸತ್ತರು.

ಆಟ ತಿರುಗಿದ್ದು ನೀರಿನ ಮೇಲೆ. ಮೆಕ್ಸಿಕಾದ ಹಳೆಯ ಹಗೆಗಳಾದ ತ್ಲಾಕ್ಸ್‌ಕಾಲಾದವರ ನಾಡಿನಲ್ಲಿ ಸ್ಪೇನಿಗರು 13 ಹಾಯಿದೋಣಿಗಳಿಗೆ ಹಲಗೆ ಕೊಯ್ಸಿದರು. ಕಬ್ಬಿಣ, ಹಗ್ಗ, ಹಾಯಿಗಳು ಕರಾವಳಿಯಲ್ಲಿ ಕಳಚಿಟ್ಟ ಹಡಗುಗಳದ್ದು, ಸಂದು ಮುಚ್ಚಲು ಪೈನ್ ಮರದ ರಾಳ. ಸಾವಿರಾರು ತ್ಲಾಕ್ಸ್‌ಕಾಲಾ ಜನ ಬಿಡಿಭಾಗಗಳನ್ನು ಹೊತ್ತು ಬೆಟ್ಟ ದಾಟಿ ಸರೋವರದ ಬಳಿಯ ಟೆಶ್ಕೊಕೊ ಪಟ್ಟಣಕ್ಕೆ ತಂದರು. ಅಲ್ಲಿ ಜೋಡಿಸಿ, ಕಾಲುವೆ ತೋಡಿ, ಸರೋವರಕ್ಕೆ ಇಳಿಸಿದರು. ಮೆಕ್ಸಿಕಾದವರ ಚಿಕ್ಕ ದೋಣಿಗಳು ಇವುಗಳೆದುರು ನಿಲ್ಲಲಿಲ್ಲ.

ಅಷ್ಟರಲ್ಲಿ ಸಿಡುಬು ನಗರವನ್ನು ಹಿಂಡಿತ್ತು. ಹೊಸ ದೊರೆ ಕ್ವಿಟ್ಲಾವಾಕ್ ಪಟ್ಟಕ್ಕೆ ಬಂದ ಕೆಲವೇ ತಿಂಗಳಲ್ಲಿ ಅದಕ್ಕೇ ಬಲಿಯಾದ. ಮನೆಮಂದಿಯೆಲ್ಲ ಒಟ್ಟಿಗೆ ಮಲಗಿದ್ದರಿಂದ ತಿನ್ನಿಸುವವರಿಲ್ಲದೆ ಹಸಿವಿನಿಂದಲೇ ಸತ್ತವರೂ ಅನೇಕರು; ರೋಗಕ್ಕಿಂತ ಕ್ರೂರ ಸಂಗತಿ ಇದು.

1521ರ ಮೇ ಕೊನೆಯಲ್ಲಿ ಚಾಪುಲ್ಟೆಪೆಕ್ ಗುಡ್ಡದಿಂದ ನಗರಕ್ಕೆ ಬರುವ ಸಿಹಿನೀರಿನ ಕಾಲುವೆಯನ್ನು ಸ್ಪೇನಿಗರ ಪಡೆ ಒಡೆಯಿತು. ಏರಿಗಳನ್ನು ಮುಚ್ಚಿ, ಮನೆಗಳನ್ನು ಕೆಡವಿ, ಆ ಮಣ್ಣಿನಿಂದಲೇ ಕಾಲುವೆಗಳನ್ನು ತುಂಬುತ್ತ ಒಳನುಗ್ಗಿದವರಲ್ಲಿ ಬಹುಪಾಲು ಸ್ಥಳೀಯ ಮಿತ್ರಪಡೆಗಳೇ. ಕೊನೆಯ ದೊರೆ ಕ್ವಾಟೆಮೊಕ್ ಆಗಸ್ಟ್ 13ರಂದು ಸಿಕ್ಕಿಬಿದ್ದದ್ದೂ ಆ 13 ದೋಣಿಗಳಲ್ಲೊಂದರ ಕೈಗೆ.