ಯೇಸುವಿನ ಮಾದರಿಯಲ್ಲಿ ಬದುಕುವುದು ಎಂದರೆ ಸೋಮವಾರದಿಂದ ಶನಿವಾರದವರೆಗೆ ಏನು ಮಾಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಭಾನುವಾರ ತಪ್ಪದೆ ಆರಾಧನೆಗೆ ಹೋಗುತ್ತೀರಿ, ಕಾಣಿಕೆ ಹಾಕುತ್ತೀರಿ, ಬೈಬಲ್ಲನ್ನೂ ಓದಿದ್ದೀರಿ. ‘ಯೇಸುವಿನ ಹೆಜ್ಜೆಯಲ್ಲಿ ನಡೆಯಿರಿ’ ಎಂದು ಪ್ರಸಂಗಗಳಲ್ಲಿ ಕೇಳಿ ಕೇಳಿ ಸಾಕಾಗಿದೆ, ಆದರೆ ನೌಕರಿ, ಸಂಸಾರ ಇರುವವರು ಅದನ್ನು ದಿನನಿತ್ಯ ಮಾಡುವುದು ಹೇಗೆ ಎಂದು ಯಾರೂ ಹೇಳುತ್ತಿಲ್ಲ. ಕೊನೆಯಲ್ಲಿ, ಮನೆ ಪಾಲಿನ ಜಗಳದಿಂದ ಅಣ್ಣನ ಜೊತೆ ಮಾತು ಬಿಟ್ಟುಹೋಗಿದೆ ಎಂದು ಒಂದು ಸಾಲು ಸೇರಿಸಿದ್ದೀರಿ. ನನ್ನ ಉತ್ತರ ಆ ಕೊನೆಯ ಸಾಲಿನಿಂದಲೇ ಶುರು.

ಮತ್ತಾಯ 5ನೇ ಅಧ್ಯಾಯದ 23–24ನೇ ವಚನ ತೆಗೆದು ನೋಡಿ. ಕಾಣಿಕೆ ಕೊಡಲು ಯಜ್ಞವೇದಿಯ ಹತ್ತಿರ ಬಂದಾಗ, ಸಹೋದರನಿಗೆ ನಿನ್ನ ಮೇಲೆ ಏನೋ ದೂರಿದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ರಾಜಿಯಾಗು ಎನ್ನುತ್ತಾರೆ ಯೇಸು. ಇದನ್ನು ಹೇಳಿದ್ದು ಗಲಿಲಾಯದಲ್ಲಿ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ. ಕಾಲ್ನಡಿಗೆಯಲ್ಲಿ ಮೂರ್ನಾಲ್ಕು ದಿನದ ದಾರಿ. ಬಿಟ್ಟು ಊರಿಗೆ ಹೋಗಿ ರಾಜಿಯಾಗಿ ಮತ್ತೆ ಬರಬೇಕೆಂದರೆ ವಾರದ ಮೇಲಾಗುತ್ತದೆ. ಅಷ್ಟು ತಡವಾದರೂ ಪರವಾಗಿಲ್ಲ, ಆರಾಧನೆ ಕಾಯಲಿ ಎಂಬುದು ಅವರ ಲೆಕ್ಕ. ಇನ್ನೊಂದು ವಿಷಯ: ತಪ್ಪು ಯಾರದು ಎಂಬ ಪ್ರಶ್ನೆಯೇ ಆ ಮಾತಿನಲ್ಲಿ ಇಲ್ಲ. ಅವನಿಗೆ ನಿಮ್ಮ ಮೇಲೆ ದೂರಿದ್ದರೆ ಸಾಕು, ಹೋಗಬೇಕಾದವರು ನೀವು.

ಹೋಗುವ ಕ್ರಮ ಮತ್ತಾಯ 18:15–17ರಲ್ಲಿದೆ. ಅಲ್ಲಿ ತಪ್ಪು ಎದುರಿನವನದು ಎಂದಿಟ್ಟುಕೊಂಡು ಹೇಳಿದ್ದರೂ ಕ್ರಮ ಎರಡೂ ಕಡೆಗೆ ಹೊಂದುತ್ತದೆ: ಮೊದಲು ಇಬ್ಬರೇ, ಆಗದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು, ಅದೂ ಆಗದಿದ್ದರೆ ಸಭೆಗೆ, ಅಂದರೆ ಚರ್ಚಿಗೆ, ತಿಳಿಸುವುದು. ನಮ್ಮಲ್ಲಿ ಬಹಳ ಸಲ ಇದು ತಲೆಕೆಳಗಾಗುತ್ತದೆ. ಮೊದಲು ಪ್ರಾರ್ಥನಾ ಕೂಟದಲ್ಲಿ ‘ನಮ್ಮಣ್ಣನ ಮನಸ್ಸು ಕರಗಲಿ ಅಂತ ಪ್ರಾರ್ಥಿಸಿ’ ಎಂದು ಬೇಡಿಕೆ ಇಡುತ್ತೇವೆ. ಅಲ್ಲಿಗೆ ಅದು ಹದಿನೈದು ಮನೆಗೆ ಗೊತ್ತಾಯಿತು, ಸಂಜೆಯೊಳಗೆ ಅಣ್ಣನ ಕಿವಿಗೂ ಬಿತ್ತು. ಇನ್ನು ಅವನು ಬಾಗಿಲು ತೆಗೆಯುವುದು ಅನುಮಾನ. ಪ್ರಾರ್ಥನೆಯ ಹೆಸರಿನ ಚಾಡಿಗೂ ಚಾಡಿ ಎಂದೇ ಹೆಸರು.

ಹೋಗುವ ಮೊದಲು ಒಂದು ಹಾಳೆಯಲ್ಲಿ ನೀವು ಏನು ಮಾಡಿದಿರಿ ಎಂದಷ್ಟೇ ಬರೆಯಿರಿ. ಅವನು ಮಾಡಿದ್ದು ಆ ಹಾಳೆಯಲ್ಲಿ ಬೇಡ. ‘ಅಪ್ಪ ತೀರಿಕೊಂಡ ಮೇಲೆ ಬಾಡಿಗೆ ಹಣ ನಾನೇ ಇಟ್ಟುಕೊಂಡೆ, ನಿನಗೆ ಲೆಕ್ಕ ಕೊಡಲಿಲ್ಲ’ ಎನ್ನುವಷ್ಟು ಸ್ಪಷ್ಟವಾಗಿರಲಿ. ‘ಏನಾದರೂ ತಪ್ಪಾಗಿದ್ದರೆ ಕ್ಷಮಿಸು’ ಎಂಬುದು ಕ್ಷಮೆ ಕೇಳುವ ಮಾತಲ್ಲ, ಜಾರಿಕೊಳ್ಳುವ ಮಾತು. ‘ಆದರೆ’ ಎಂಬ ಪದ ಬಾಯಿಗೆ ಬಂದರೆ ನುಂಗಿಬಿಡಿ. ವಾಟ್ಸಾಪಿನಲ್ಲಿ ಬೇಡ, ಮದುವೆ ಮನೆಯಲ್ಲಿ ಬೇಡ, ಕ್ರಿಸ್‌ಮಸ್ ದಿನ ಎಲ್ಲರ ಎದುರು ತಬ್ಬಿಕೊಂಡು ಅವನನ್ನು ಸಿಕ್ಕಿಹಾಕಿಸುವುದೂ ಬೇಡ. ಬೈಬಲ್ ಕೈಯಲ್ಲಿ ಹಿಡಿದುಕೊಂಡಂತೂ ಹೋಗಬೇಡಿ.

ಹಣದ ವಿಷಯವಿದ್ದರೆ ಬರೀ ಮಾತು ಸಾಲದು. ಲೂಕ 19ರಲ್ಲಿ ಸುಂಕದ ಜಕ್ಕಾಯ ಕಣ್ಣೀರು ಹಾಕಿದ ಎಂದು ಬರೆದಿಲ್ಲ. ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ, ಆಸ್ತಿಯಲ್ಲಿ ಅರ್ಧ ಬಡವರಿಗೆ ಎಂದು ಅಂಕಿ ಹೇಳಿದ. ಇವತ್ತು ಈ ಮನೆಗೆ ರಕ್ಷಣೆ ಬಂತು ಎಂದು ಯೇಸು ಹೇಳುವುದು ಆ ಅಂಕಿಯ ನಂತರ. ನಾಲ್ಕರಷ್ಟು ಆಗದಿದ್ದರೆ ಯಾಜಕಕಾಂಡ 6ನೇ ಅಧ್ಯಾಯದ ಅಳತೆಯಾದರೂ ಇದೆ: ಅಸಲು, ಅದರ ಮೇಲೆ ಐದನೆಯ ಒಂದು ಪಾಲು. ನಿಮ್ಮಲ್ಲಿ ಉಳಿದ ಅವನ ಬಾಡಿಗೆ ಪಾಲು 50,000 ರೂಪಾಯಿ ಎಂದಾದರೆ 60,000 ಕೊಡುವುದು. ಪಾಲಿನ ಪತ್ರ, ನೋಂದಣಿ, ಕೋರ್ಟು ಇವನ್ನು ಆ ದಿನ ಎತ್ತಬೇಡಿ. ಕಾಗದದ ಕೆಲಸ ವಕೀಲರ ಮುಖಾಂತರ ಬೇರೆಯೇ ನಡೆಯಲಿ. ಎರಡನ್ನೂ ಒಂದೇ ಭೇಟಿಯಲ್ಲಿ ಮುಗಿಸಲು ಹೋದರೆ ಕ್ಷಮೆ ಚೌಕಾಸಿಯಾಗಿಬಿಡುತ್ತದೆ.

ಎರಡನೆಯ ಹಂತಕ್ಕೆ ಹೋಗಬೇಕಾಗಿ ಬಂದರೆ ಅಣ್ಣ ಯಾರಿಗೆ ಗೌರವ ಕೊಡುತ್ತಾನೋ ಅವರನ್ನು ಕರೆದುಕೊಂಡು ಹೋಗಿ. ನಿಮ್ಮ ಪಾಸ್ಟರನ್ನೋ ಫಾದರನ್ನೋ ಕರೆದೊಯ್ದರೆ ಅವನ ಕಣ್ಣಿಗೆ ಅದು ನಿಮ್ಮ ಕಡೆಯ ಪಂಚಾಯಿತಿ. ಎಲ್ಲ ಆದರೂ ಅವನು ಒಪ್ಪದೆ ಇರಬಹುದು. ಆಗ ನೀವು ಕೊಡಬೇಕಾದ ಹಣ ಕೊಟ್ಟು, ಎದುರು ಸಿಕ್ಕಾಗ ಮಾತಾಡಿಸುತ್ತ ಸುಮ್ಮನಿರುವುದೇ ಕೆಲಸ.

ನಿಮಗೇ ಅನ್ಯಾಯವಾಗಿದ್ದರೆ? ಮತ್ತಾಯ 18ನೇ ಅಧ್ಯಾಯದ ಕೊನೆಯಲ್ಲಿ ಒಂದು ಸಾಲದ ಕಥೆಯಿದೆ: ಅರಸ ಒಬ್ಬ ಸೇವಕನ ಭಾರಿ ಸಾಲ ಮನ್ನಾ ಮಾಡುತ್ತಾನೆ, ಆ ಸೇವಕ ಮಾತ್ರ ತನಗೆ ಸಾಲ ಕೊಡಬೇಕಾದ ಜೊತೆ ಸೇವಕನನ್ನು ಬಿಡುವುದಿಲ್ಲ. ಅದನ್ನು ಸಾಮಾನ್ಯವಾಗಿ ‘ನಮಗಾದ ಅನ್ಯಾಯ ಚಿಲ್ಲರೆ, ಬಿಟ್ಟುಬಿಡಿ’ ಎಂದು ಬೋಧಿಸುತ್ತಾರೆ. ಲೆಕ್ಕ ಹಾಕಿದರೆ ಹಾಗಿಲ್ಲ. ಒಂದು ದಿನಾರಿ ಎಂದರೆ ಕೂಲಿಯವನ ಒಂದು ದಿನದ ಸಂಬಳ. ಜೊತೆ ಸೇವಕ ಕೊಡಬೇಕಾಗಿದ್ದ 100 ದಿನಾರಿ ಎಂದರೆ ನೂರು ದಿನದ ಕೂಲಿ. ದಿನಕ್ಕೆ 600 ರೂಪಾಯಿ ಹಿಡಿದರೂ 60,000 ಆಯಿತು. ನೋವು ನಿಜವಾದದ್ದೇ ಎಂದು ಯೇಸು ಒಪ್ಪಿಕೊಂಡೇ ಮಾತಾಡುತ್ತಿದ್ದಾರೆ. ಅದರ ಎದುರಿಗಿಟ್ಟ, ಅರಸ ಮನ್ನಾ ಮಾಡಿದ 10,000 ತಲಾಂತು ಮಾತ್ರ, ತಲಾಂತಿಗೆ ಸುಮಾರು 6,000 ದಿನಾರಿಯ ಲೆಕ್ಕದಲ್ಲಿ, ಆರು ಕೋಟಿ ದಿನದ ಕೂಲಿ. ಯಾವ ಜನ್ಮದಲ್ಲೂ ತೀರಿಸಲಾಗದ್ದು.

ಇಲ್ಲಿ ಒಂದು ಎಚ್ಚರಿಕೆಯನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಇದನ್ನು ಓದುವವರಲ್ಲಿ ಮನೆಯಲ್ಲಿ ಏಟು ತಿನ್ನುತ್ತಿರುವವರೂ ಇರಬಹುದು. ಕ್ಷಮಿಸುವುದು ಬೇರೆ, ಮತ್ತೆ ಹೊಡೆಸಿಕೊಳ್ಳಲು ಹೋಗಿ ನಿಲ್ಲುವುದು ಬೇರೆ. ಇನ್ನೊಂದು ಕೆನ್ನೆ ತೋರಿಸು ಎಂದ ಯೇಸುವೇ ಮಹಾಯಾಜಕನ ಮುಂದೆ ಕಾವಲುಗಾರ ಕೆನ್ನೆಗೆ ಹೊಡೆದಾಗ ಸುಮ್ಮನಿರಲಿಲ್ಲ. ತಪ್ಪು ಮಾತಾಡಿದ್ದರೆ ತೋರಿಸು, ಸರಿಯಾಗಿದ್ದರೆ ಯಾಕೆ ಹೊಡೆದೆ ಎಂದು ಕೇಳಿದರು (ಯೋಹಾನ 18:23). ತಿರುಗಿ ಹೊಡೆಯಲಿಲ್ಲ, ಒಪ್ಪಿಕೊಳ್ಳಲೂ ಇಲ್ಲ. ಗಂಡ ಹೊಡೆಯುತ್ತಿದ್ದರೆ ‘ನಿನ್ನ ಶಿಲುಬೆ ಹೊತ್ತುಕೋ’ ಎಂದು ಹೇಳುವ ಹಿರಿಯರ ಮಾತು ಕೇಳಬೇಡಿ. 181 ಮಹಿಳಾ ಸಹಾಯವಾಣಿ, ತುರ್ತಿದ್ದರೆ 112. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನೂ ರಕ್ಷಣಾ ಆದೇಶವನ್ನೂ ಕೇಳಬಹುದು.

ಇನ್ನು ದಿನಚರಿ. ಮಾರ್ಕ 1ನೇ ಅಧ್ಯಾಯದಲ್ಲಿ ಯೇಸುವಿನ ಒಂದು ಇಡೀ ದಿನ ಸಿಗುತ್ತದೆ: ಕಪೆರ್ನೌಮಿನ ಸಭಾಮಂದಿರದಲ್ಲಿ ಬೋಧನೆ, ಶಿಷ್ಯ ಸೀಮೋನನ ಅತ್ತೆಯ ಜ್ವರ ವಾಸಿ ಮಾಡುವುದು, ಹೊತ್ತು ಮುಳುಗಿದ ಮೇಲೆ ಬಾಗಿಲ ಮುಂದೆ ಊರಿಗೆ ಊರೇ. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು ಒಬ್ಬರೇ ಹೋಗಿ ಪ್ರಾರ್ಥಿಸುತ್ತಾರೆ. ಇಷ್ಟನ್ನು ಎಲ್ಲರೂ ಹೇಳುತ್ತಾರೆ, ಮುಂದಿನದನ್ನು ಬಿಡುತ್ತಾರೆ. ಸೀಮೋನ ಹುಡುಕಿಕೊಂಡು ಬಂದು ಎಲ್ಲರೂ ನಿಮ್ಮನ್ನೇ ಹುಡುಕುತ್ತಿದ್ದಾರೆ ಎಂದಾಗ ಯೇಸು ಊರಿಗೆ ವಾಪಸ್ ಹೋಗಲಿಲ್ಲ, ಬೇರೆ ಊರುಗಳಿಗೆ ಹೊರಟರು. ಯಾವುದಕ್ಕೆ ಇಲ್ಲ ಎನ್ನಬೇಕು ಎಂಬುದು ಆ ಬೆಳಗಿನ ಪ್ರಾರ್ಥನೆಯಲ್ಲಿ ಇತ್ಯರ್ಥವಾಗಿತ್ತು. ಸಭೆಯ ಎಲ್ಲ ಕಮಿಟಿಯಲ್ಲೂ ಇದ್ದು ಮನೆಯವರಿಗೆ ಸಿಗದ ಭಕ್ತರು ಇದನ್ನು ಎರಡು ಸಲ ಓದಬೇಕು.

ನಿಮಗೆ ಇಪ್ಪತ್ತು ನಿಮಿಷ ಸಾಕು. ಫೋನ್ ಬೇರೆ ಕೋಣೆಯಲ್ಲಿರಲಿ. ಬೈಬಲ್ ಆ್ಯಪ್ ಬೇಡ, ಪುಸ್ತಕವೇ ಇರಲಿ. ಸುವಾರ್ತೆಯಿಂದ, ಅಂದರೆ ಯೇಸುವಿನ ಜೀವನ ಹೇಳುವ ನಾಲ್ಕು ಪುಸ್ತಕಗಳಿಂದ, ಒಂದು ಘಟನೆ ನಿಧಾನವಾಗಿ ಓದಿ, ಯೇಸು ಅಲ್ಲಿ ಯಾರ ಜೊತೆ ಏನು ಮಾಡಿದರು ಎಂದು ನೋಡಿ, ಇವತ್ತು ನೀವು ಭೇಟಿಯಾಗುವ ಒಬ್ಬರ ಹೆಸರನ್ನು ಅದರ ಪಕ್ಕ ಇಡಿ. ಮಾರ್ಕನಿಂದ ಶುರುಮಾಡಿ, ಹದಿನಾರೇ ಅಧ್ಯಾಯ. ನಾಲ್ಕೂ ಸುವಾರ್ತೆ ಸೇರಿ 89 ಅಧ್ಯಾಯ, ದಿನಕ್ಕೊಂದರಂತೆ ಮೂರು ತಿಂಗಳು. ಬೈಬಲ್ಲಿನಲ್ಲಿರುವ ಅಪೊಸ್ತಲರ ಪತ್ರಗಳು, ಪ್ರಕಟನೆ ಗ್ರಂಥ ಆಮೇಲೆ. ಕೆಲಸದ ನಡುವೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಒಂದನ್ನೇ ಹೇಳಿ. ಆದಿ ಸಭೆಯ ಕೈಪಿಡಿಯಾದ ದಿದಾಖೆ ಅದನ್ನು ದಿನಕ್ಕೆ ಮೂರು ಸಲ ಹೇಳಬೇಕೆಂದು ಗೊತ್ತುಮಾಡಿದೆ. ಅರ್ಧ ನಿಮಿಷದ ಕೆಲಸ, ಬಸ್ಸಿನಲ್ಲೂ ಆಗುತ್ತದೆ. ಉದ್ದ ಪ್ರಾರ್ಥನೆಯೇ ದೊಡ್ಡ ಪ್ರಾರ್ಥನೆ ಎಂಬ ಭ್ರಮೆಗೆ ಮತ್ತಾಯ 6:7ರಲ್ಲೇ ಉತ್ತರ ಇದೆ: ಮಾತು ಹೆಚ್ಚಾದರೆ ದೇವರು ಕೇಳುತ್ತಾನೆ ಎಂದುಕೊಳ್ಳಬೇಡಿ.

ಉಪವಾಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾರಕ್ಕೆ ಒಂದು ಊಟ ಬಿಟ್ಟು ಶುರುಮಾಡಿ, ನೀರು ಕುಡಿಯಿರಿ, ಆ ಊಟದ ಹಣವನ್ನು ತೆಗೆದಿಟ್ಟು ಕೊಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಊಟ ಬಿಡಬಾರದು. ಅವರು ಬೇರೆ ಏನಾದರೂ ಬಿಡಲಿ. ಉಪವಾಸದ ದಿನ ಮನೆಯವರ ಮೇಲೆ ರೇಗುವುದಾದರೆ ಊಟ ಮಾಡುವುದೇ ಲೇಸು.

ಹಣದಲ್ಲಿ ಕ್ರಮ ಮುಖ್ಯ. ದಶಮಾಂಶ, ಅಂದರೆ ಆದಾಯದ ಹತ್ತನೆಯ ಒಂದು ಪಾಲು, ಸಭೆಗೆ ಮೊದಲು, ಮಿಕ್ಕದ್ದು ಆಮೇಲೆ ಎಂದು ಕಲಿಸುತ್ತಾರೆ. ಮಾರ್ಕ 7:9–13ರಲ್ಲಿ ಯೇಸು ಬೈದದ್ದು ಇಂಥದ್ದಕ್ಕೇ: ದೇವರಿಗೆ ಮುಡಿಪು, ಕೊರ್ಬಾನ್, ಎಂದು ಹೇಳಿ ತಂದೆತಾಯಿಗೆ ಕೊಡಬೇಕಾದ್ದನ್ನು ತಪ್ಪಿಸುವುದು. ಅಮ್ಮನ ಔಷಧಿಗೆ ‘ಈ ತಿಂಗಳು ಕಷ್ಟ’ ಎಂದು ಹೇಳಿ ಸಭೆಯ ಲಕೋಟೆಗೆ 4,000 ಹಾಕಿದರೆ ಅದು ಕೊರ್ಬಾನ್. ನಾನಾದರೆ ಹೇಳುವ ಕ್ರಮ: ಮೊದಲು ಕೆಲಸದವರ ಸಂಬಳ ಮತ್ತು ಕೈಸಾಲ, ನಂತರ ತಂದೆತಾಯಿ, ನಂತರ ದಾನ. ಕೂಲಿಯವನ ಕೂಲಿ ಹೊತ್ತು ಮುಳುಗುವ ಮೊದಲು ಕೊಡಬೇಕೆಂದು ಧರ್ಮೋಪದೇಶಕಾಂಡ 24:15 ಹೇಳುತ್ತದೆ. ಮನೆ ಕೆಲಸದಾಕೆಗೆ ತಿಂಗಳ ಒಂದನೇ ತಾರೀಖು, ಕೇಳುವ ಮೊದಲೇ ಕೊಡಿ. ವಾರದ ರಜೆ, ಹುಷಾರಿಲ್ಲದ ದಿನದ ಸಂಬಳ ಕತ್ತರಿಸಬೇಡಿ. ದಾನ ಮಾಡುವಾಗ ಔಷಧಿಯ ಬಿಲ್ಲನ್ನು ಅಂಗಡಿಯಲ್ಲೇ, ಫೀಸನ್ನು ಶಾಲೆಯ ಕೌಂಟರಿನಲ್ಲೇ ಕಟ್ಟಿ. ಫೋಟೋ ಬೇಡ, ಸ್ಟೇಟಸ್ ಬೇಡ, ಪ್ರಾರ್ಥನೆಗೆ ಬಾ ಎಂಬ ಷರತ್ತಂತೂ ಬೇಡವೇ ಬೇಡ. ಯೇಸು ಗುಣಪಡಿಸಿದ ಹತ್ತು ಕುಷ್ಠರೋಗಿಗಳಲ್ಲಿ ಕೃತಜ್ಞತೆ ಹೇಳಲು ತಿರುಗಿ ಬಂದವನು ಒಬ್ಬನೇ. ಉಳಿದ ಒಂಬತ್ತು ಜನರ ರೋಗ ಮರುಕಳಿಸಿತು ಎಂದು ಲೂಕ ಬರೆದಿಲ್ಲ.

ಎಲ್ಲರಿಗೂ ಎಲ್ಲ ಮಾಡಲು ಹೊರಟು ಆರು ತಿಂಗಳಲ್ಲಿ ಸುಸ್ತಾಗಿ ಬಿಟ್ಟವರು ಬಹಳ. ಒಳ್ಳೆಯ ಸಮಾರ್ಯದವನನ್ನು ಗಮನಿಸಿ (ಲೂಕ 10). ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ತಂದ, ರಾತ್ರಿ ಆರೈಕೆ ಮಾಡಿದ. ಮರುದಿನ ಎರಡು ದಿನಾರಿ ಕೊಟ್ಟು, ಹೆಚ್ಚು ಖರ್ಚಾದರೆ ಬರುವಾಗ ಕೊಡುತ್ತೇನೆ ಎಂದು ತನ್ನ ಪ್ರಯಾಣ ಮುಂದುವರಿಸಿದ. ಎರಡು ದಿನದ ಕೂಲಿ, ಒಂದು ರಾತ್ರಿ, ಮತ್ತೆ ಬಂದು ವಿಚಾರಿಸುವ ಮಾತು, ಇಷ್ಟೇ. ಅಂದಹಾಗೆ, ರಸ್ತೆ ಅಪಘಾತದಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್ ಕಿರಿಕಿರಿ ಎಂಬ ಹೆದರಿಕೆ ಈಗ ಬೇಡ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಂ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತದೆ. ಹೆಸರು, ವಿಳಾಸ ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ.

ಕೊನೆಯದು ಊಟದ ಪಂಕ್ತಿ. ನನ್ನ ಮಟ್ಟಿಗೆ ನಮ್ಮ ಸಭೆಗಳು ಹೆಚ್ಚು ಸೋತಿರುವುದು ಇಲ್ಲೇ. ಯೇಸುವಿನ ಮೇಲೆ ಪದೇ ಪದೇ ಬಂದ ದೂರು ಅವರು ಯಾರ ಜೊತೆ ಉಣ್ಣುತ್ತಾರೆ ಎಂಬುದು. ಯೆಹೂದ್ಯರಿಗೂ ಸಮಾರ್ಯದವರಿಗೂ ನಡುವೆ ಮಡಿ ಮೈಲಿಗೆ ಇದ್ದ ಕಾಲದಲ್ಲಿ ಸಮಾರ್ಯದ ಹೆಂಗಸಿನ ಹತ್ತಿರ ಅವಳ ಕೊಡದ ನೀರು ಕೇಳಿದರು. ಕೊಟ್ಟವರಾಗಿ ಅಲ್ಲ, ಬೇಡುವವರಾಗಿ. ನಿಮ್ಮ ಅಡುಗೆಮನೆಯಲ್ಲಿ ಕೆಲಸದಾಕೆಗೆ ಬೇರೆ ಲೋಟ ಇದೆಯೇ ನೋಡಿ. ಇದ್ದರೆ ಇವತ್ತೇ ತೆಗೆಯಿರಿ, ಕಾರಣ ವಿವರಿಸುವ ಭಾಷಣ ಬೇಡ. ಅವರ ಮನೆಗೆ ಹೋದಾಗ ಕೊಟ್ಟ ಕಾಫಿ ಕುಡಿಯಿರಿ. ಲೂಕ 14:12–14ರಂತೆ, ತಿರುಗಿ ಕರೆಯಲಾಗದವರನ್ನು ತಿಂಗಳಿಗೊಮ್ಮೆ ಊಟಕ್ಕೆ ಕರೆಯಿರಿ. ಒಂದು ಕುಟುಂಬ ಸಾಕು, ಮನೆಯವರು ತಿನ್ನುವ ಅಡುಗೆಯೇ ಇರಲಿ, ಅವರ ಜೊತೆಯೇ ಕೂತು ಉಣ್ಣಿ. ಬಡಿಸಿ ನಿಂತು ನೋಡುವುದು ಅನ್ನದಾನ, ಸಹಪಂಕ್ತಿಯಲ್ಲ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ, ತನ್ನ ಸಭೆಗೆ ಸೇರುವವರು ಜಾತಿ ಬಿಡಲೇಬೇಕೆಂದು ಪಟ್ಟು ಹಿಡಿದಿತ್ತು. ಅದರಿಂದ ಕುಲಕಸುಬು ಕಳೆದುಕೊಂಡವರಿಗೆ ಕೆಲಸ ಬೇಕಾಗಿ ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನೂ ನಡೆಸಬೇಕಾಯಿತು. ಮಂಗಳೂರಿನ ಜೆಪ್ಪುವಿನ ಹೆಂಚಿನ ಕಾರ್ಖಾನೆ 1865ರದ್ದು. ಬಿಡು ಎಂದವರು ಬಿಟ್ಟವನ ಹೊಟ್ಟೆಯ ವ್ಯವಸ್ಥೆಯನ್ನೂ ನೋಡಿದರು. ಇಂದಿಗೂ ಒಂದೇ ರೊಟ್ಟಿ ಮುರಿದು ತಿನ್ನುವ ಕ್ರೈಸ್ತರು ಮದುವೆ ಜಾಹೀರಾತಿನಲ್ಲಿ ಹಳೆಯ ಜಾತಿ ಬರೆಸುವುದು ನಿಂತಿಲ್ಲ. ಅಂತಿಯೋಕ್ಯದಲ್ಲಿ ಯೇಸುವಿನ ಶಿಷ್ಯ ಪೇತ್ರ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಪಂಕ್ತಿಯಿಂದ ಎದ್ದು ಹೋದಾಗ ಅಪೊಸ್ತಲ ಪೌಲ ಎಲ್ಲರ ಮುಂದೆಯೇ ಅವನನ್ನು ಆಕ್ಷೇಪಿಸಿದ (ಗಲಾತ್ಯ 2). ನಿಮ್ಮ ಮನೆಯಲ್ಲಿ ಮಗ ಅಥವಾ ಮಗಳಿಗೆ ಸಂಬಂಧ ನೋಡುವ ಹೊತ್ತು ಬಂದರೆ ಬ್ರೋಕರಿಗೆ ಕೊಡುವ ಬಯೋಡೇಟಾದಲ್ಲಿ ಆ ಒಂದು ಸಾಲನ್ನು ಬರೆಯಬೇಡಿ. ಅವರು ಫೋನ್ ಮಾಡಿ ಕೇಳುತ್ತಾರೆ. ಆಗಲೂ ಹೇಳಬೇಡಿ.